ತೂಕದ ಕಲ್ಲಿನ ತೂಕ

ಗದಗ-ಬೆಟಗೇರಿಯಲ್ಲಿ ನನ್ನ ರಕ್ತಕ್ಕಿದ್ದ ಮರ್ಯಾದೆ ನನಗಿರಲಿಲ್ಲ. ಮದುವೆಮನೆಗೆ ಹೋದರೆ "ಮಾನಕದ ಅಕ್ಕಾರು ಬಂದ್ರು" ಎಂದು ಕುರ್ಚಿ ಒರೆಸಿ ಕೊಡುತ್ತಿದ್ದರು. ಶೈಲಜಾ ಎಂಬ ನನ್ನ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ. ಬಸುರಿ ಹೆಣ್ಣಿನ ಕುಬಸವಾದರೆ ಮೊದಲ ಉಡಿ ನಾನೇ ತುಂಬಬೇಕು. ನಾನು ಗಂಡ ಸತ್ತವಳು. ಹಳೆಯ ಕಾಲವಾಗಿದ್ದರೆ ಅಂಥ ಜಾಗದಲ್ಲಿ ನನ್ನನ್ನು ಒಳಮನೆಯಲ್ಲಿ ಕೂರಿಸುತ್ತಿದ್ದರು. ಈಗ ರಕ್ತ ಚೊಕ್ಕವಿದೆಯೆಂದು ಮುಂದೆ ಕೂರಿಸುತ್ತಿದ್ದರು. ಜನ ಬದಲಾದರೆಂದು ನಾನು ಹೇಳಲಾರೆ, ಅವರ ಲೆಕ್ಕ ಬದಲಾಗಿತ್ತು ಅಷ್ಟೇ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಮೂಳೆಗಳ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂಬ ನೇಕಾರರಿದ್ದಾರೆ. ಬೆಟಗೇರಿಯವಳಾದ್ದರಿಂದ ನನಗೆ ಹಾಗೇ ತೋಚುತ್ತದೆ. ಒಬ್ಬೊಬ್ಬನದು ಒಂದೊಂದು ಬಗೆಯ ಸೀರೆ, ಅಂದರೆ ಒಂದೊಂದು ರೋಗಾಣುವಿಗೆ ಒಂದೊಂದು ಪ್ರತಿಕಾಯ. ಎಲ್ಲರೂ ತಮ್ಮ ಪಾಡಿಗೆ ನೇಯುತ್ತಿದ್ದರೆ ರಕ್ತದ ಪ್ರೋಟೀನುಗಳು ಪರದೆಯ ಮೇಲೆ ತಗ್ಗಾದ, ಅಗಲವಾದ ದಿಬ್ಬದ ಹಾಗೆ ಕಾಣುತ್ತವೆ. ಯಾವನೋ ಒಬ್ಬ ನೇಕಾರ ತಲೆಕೆಟ್ಟು, ತನ್ನ ಸಂತಾನವನ್ನೇ ಬೆಳೆಸಿಕೊಂಡು, ಬೇಕೋ ಬೇಡವೋ ಒಂದೇ ಸೀರೆಯನ್ನು ನೇಯುತ್ತ ಹೋದರೆ ದಿಬ್ಬದ ಮೇಲೆ ಒಂದು ಚೂಪು ಶಿಖರ ಏಳುತ್ತದೆ. ಕೆಲವರಲ್ಲಿ ಅದು ಸಣ್ಣದಾಗಿಯೇ ಉಳಿದು ಸಾಯುವ ತನಕ ಸುಮ್ಮನಿರುತ್ತದೆ. ಕೆಲವರಲ್ಲಿ ಬೆಳೆದು ಮೂಳೆ ಸವೆಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಯಾರಲ್ಲಿ ಯಾವುದು ಎಂದು ಮೊದಲೇ ತಿಳಿಯದ ಕಾರಣ ಅಳೆಯುತ್ತಲೇ ಇರಬೇಕು.

ಹಾಗೆ ಅಳೆಯುವ ಪೆಟ್ಟಿಗೆಗಳು ಈಗ ಪ್ರತಿಯೊಂದು ಹಾಲಿನ ಬೂತಿನಲ್ಲೂ ಇವೆ. ಹಾಲು ತರಲು ಹೋದವರು ಬೆರಳಿಟ್ಟು ಒಂದು ಹನಿ ಕೊಟ್ಟು ಬರುತ್ತಾರೆ. ಜನ ಅದಕ್ಕೆ ತಕ್ಕಡಿ ಎಂದು ಹೆಸರಿಟ್ಟಿದ್ದಾರೆ, ಸರಿಯಾದ ಹೆಸರೇ. ತಕ್ಕಡಿಗೆ ತೂಕದ ಕಲ್ಲು ಬೇಕಲ್ಲ! ಬಾಟಲಿಯಲ್ಲಿಟ್ಟ ರಕ್ತ ಹಳಸುತ್ತದೆ. ಅಲ್ಲದೆ ಒಂದೊಂದು ಸೀಮೆಯ ನೀರು, ಧೂಳು, ಜ್ವರ ಬೇರೆ ಬೇರೆಯಾದ್ದರಿಂದ ಅಲ್ಲಲ್ಲಿಯ ಆರೋಗ್ಯದ ದಿಬ್ಬವೂ ಬೇರೆ. ಆದ್ದರಿಂದ ಒಂದೊಂದು ವಿಭಾಗಕ್ಕೆ ಒಬ್ಬ ಆರೋಗ್ಯವಂತ ಮನುಷ್ಯನನ್ನು ಆರಿಸಿ 'ಜೀವಂತ ಮಾನಕ' ಎಂದು ಕರೆದರು. ಐದು ಜಿಲ್ಲೆಗಳಿಗೆ ನಾನು. ಪಕ್ಕದ ಬಳ್ಳಾರಿ ವಿಭಾಗಕ್ಕೆ ಒಬ್ಬ ಪೈಲ್ವಾನ. ಪ್ರತಿ ಸೋಮವಾರ ಬೆಳಿಗ್ಗೆ ನಾನು ಮುಳಗುಂದ ನಾಕಾ ಬಳಿಯ ಮಾಪನ ಕೇಂದ್ರಕ್ಕೆ ಹೋಗಿ ಬೆರಳು ಕೊಟ್ಟರೆ, ನನ್ನ ದಿಬ್ಬದ ಆಕಾರ ಎಲ್ಲ ಪೆಟ್ಟಿಗೆಗಳಿಗೂ ಹೋಗುತ್ತಿತ್ತು. ಪೆಟ್ಟಿಗೆ ಬಂದವರ ರಕ್ತದಿಂದ ನನ್ನದನ್ನು ಕಳೆದು, ಹೆಚ್ಚಿಗೆ ಉಳಿದದ್ದನ್ನಷ್ಟೇ ತೋರಿಸುತ್ತಿತ್ತು. ಏನೂ ಉಳಿಯದಿದ್ದರೆ ಹಸಿರು ಗೆರೆ, ನೆಟ್ಟಗೆ.

ನಾನೂ ಹಾಲು ತರುವಾಗ ಬೆರಳಿಡುತ್ತಿದ್ದೆ. ನನ್ನ ಗೆರೆಯಷ್ಟು ನೆಟ್ಟಗಿನ ಗೆರೆ ಐದು ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ. ಬೂತಿನವನು ಅದನ್ನು ಗಿರಾಕಿಗಳಿಗೆ ತೋರಿಸಿ ಖುಷಿಪಡುತ್ತಿದ್ದ. ನನ್ನಿಂದ ನನ್ನನ್ನು ಕಳೆದರೆ ಇನ್ನೇನು ಉಳಿದೀತು ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಮ್ಮ ಮನೆಯ ಕೆಳಗಿನ ಭಾಗದಲ್ಲಿ ನನ್ನ ತಮ್ಮ ವಿನೋದ ಇರುತ್ತಾನೆ. ಜೊತೆಗೆ ಅವನ ಹೆಂಡತಿ ರೇಣುಕಾ, ಬಾಣಂತನಕ್ಕೆಂದು ತವರಿಗೆ ಬಂದ ಮಗಳು ಚಿನ್ಮಯಿ. ವಿನೋದನದು ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಕಂಬ ಹತ್ತಿ ರೆಕ್ಕೆ ನೋಡುವ ಕೆಲಸ. ಕೆಲವು ವರ್ಷದ ಹಿಂದೆ ಬೂತಿನ ತಕ್ಕಡಿ ಅವನ ರಕ್ತದಲ್ಲಿ ಶಿಖರ ಹಿಡಿಯಿತು. ಚುಚ್ಚುಮದ್ದು, ಮಾತ್ರೆ, ಬಿದ್ದ ಕೂದಲು, ಬಿಟ್ಟ ಊಟ, ಎಲ್ಲ ಆಯಿತು. ಶಿಖರ ಇಳಿಯುತ್ತ ಇಳಿಯುತ್ತ ಕಳೆದ ಯುಗಾದಿಯ ಹೊತ್ತಿಗೆ ನೆಟ್ಟಗಿನ ಗೆರೆಯಾಯಿತು. ಅವತ್ತು ಓಣಿಗೆಲ್ಲ ಮಿರ್ಚಿ-ಗಿರಮಿಟ್ ಹಂಚಿದೆವು. ಔಷಧ ನಿಲ್ಲಿಸಿದರು, ಅವನು ಮತ್ತೆ ಕಂಬ ಹತ್ತಿದ.

ತಮ್ಮನಿಗೆ ಇಂಥ ರೋಗ ಬಂದಾಗ ಅಕ್ಕನನ್ನು ಮಾನಕವಾಗಿ ಇಟ್ಟುಕೊಳ್ಳಬಹುದೇ ಎಂದು ಕೇಂದ್ರದಲ್ಲಿ ಚರ್ಚೆಯಾಗಿತ್ತಂತೆ. ಕಲ್ಲು ಬದಲಿಸಿದರೆ ಹಳೆಯ ತೂಕಗಳನ್ನು ಹೊಸ ತೂಕಗಳಿಗೆ ಹೋಲಿಸಲು ಬರುವುದಿಲ್ಲ, ಐದು ಜಿಲ್ಲೆಯ ಇತಿಹಾಸವೇ ಹಾಳಾಗುತ್ತದೆ ಎಂದರು. ಆಮೇಲೆ ನನ್ನ ಗೆರೆ ತೆಗೆದು ನೋಡಿದರು. ನೆಟ್ಟಗಿತ್ತು. ದೊಡ್ಡ ದೊಡ್ಡ ಓದು ಓದಿದವರು ಆ ನೆಟ್ಟಗಿನ ಗೆರೆ ನೋಡಿ ನೆಮ್ಮದಿಯಾಗಿ ಚಹಾ ಕುಡಿದು ಎದ್ದುಹೋದರು.

ಒಂದು ಭಾನುವಾರ ವಿನೋದ ಬೆನ್ನು ಹಿಡಿದುಕೊಂಡು ಮೇಲೆ ಬಂದ. ರೇಣುಕಾ ಚಿನ್ಮಯಿಯನ್ನು ಕರೆದುಕೊಂಡು ಬಳೆ ಅಂಗಡಿಗೆ ಹೋಗಿದ್ದಳು.

"ಅಕ್ಕಾ, ಸ್ವಲ್ಪ ಎಣ್ಣಿ ಹಚ್ಚು. ನಡಾ ಹಿಡಕೊಂಡೈತಿ."

"ದವಾಖಾನಿಗೆ ತೋರಿಸಿದಿ ಇಲ್ಲೋ?"

"ತೋರಿಸೀನಿ. ಗೆರಿ ನೆಟ್ಟಗೈತಿ, ಕಂಬ ಹತ್ತೂ ಮಂದಿಗೆ ಇದು ಇದ್ದದ್ದ ಅಂದ್ರು. ವಯಸ್ಸೂ ಆತಲ್ಲ."

ಎಣ್ಣೆ ಬಿಸಿ ಮಾಡಿ ತಂದು ಅಂಗೈಗೆ ಸುರಿದುಕೊಂಡು ಅವನ ಬೆನ್ನಿಗೆ ಹಚ್ಚಿದೆ. ಅವನು ಚೀರಿ ಎದ್ದು ಕುಳಿತ.

"ಎವ್ವಾ! ಕುದಿಯೂ ಎಣ್ಣಿ ಹಾಕ್ತಿಯೇನ? ಸುಡಾಕತ್ತೇತಿ!"

ನನ್ನ ಕೈ ನೋಡಿಕೊಂಡೆ. ಬೆರಳ ತುದಿಗಳು ಕೆಂಪಾಗಿದ್ದವು. ನನಗೆ ಏನೂ ಸುಟ್ಟಿರಲಿಲ್ಲ. ಬಹಳ ತಿಂಗಳುಗಳಿಂದ ಬೆರಳ ತುದಿ ಜುಮ್ಮೆಂದು, ಆಮೇಲೆ ಮರಗಟ್ಟಿ ಹೋಗಿತ್ತು. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಬೆರಳು, ಅದಕ್ಕೇ ಹೀಗೆ ಎಂದುಕೊಂಡಿದ್ದೆ. ಸೂಜಿ ಚುಚ್ಚಿದರೂ ನೋಯುವುದಿಲ್ಲ ಎಂದು ಕೇಂದ್ರದಲ್ಲಿ ಜಂಬ ಕೊಚ್ಚಿಕೊಂಡೂ ಇದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಕಾಗಿತ್ತು.

ಆ ವಾರದ ನಡುವೆ ಇರ್ಫಾನ್ ಫೋನ್ ಮಾಡಿದ. ಅವನು ಮಾಪನ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಪರದೆ ನೋಡುವವನು, ನನ್ನದೇ ವಯಸ್ಸು. ಹೆಚ್ಚು ಮಾತಿಲ್ಲ. ಅಂಥವನು "ಶೈಲಕ್ಕಾ, ಸ್ವಲ್ಪ ಬಂದು ಹೋಗ್ರಿ, ಒಂದು ತೋರಸೂದೈತಿ" ಎಂದಾಗ ಸೀರೆ ಸಹ ಬದಲಿಸದೆ ಹೋದೆ.

ಅವನು ಮುಂಡರಗಿಯ ಯಾವುದೋ ಬೂತಿನ ಪೆಟ್ಟಿಗೆ ರಿಪೇರಿ ಮಾಡಲು ಹೋಗಿ, ಸೊನ್ನೆಯ ಕೆಳಗಿನ ಭಾಗವನ್ನೂ ಪರದೆಯ ಮೇಲೆ ತೆರೆದಿದ್ದ. ಅಲ್ಲಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಹೆಚ್ಚಾದದ್ದು ರೋಗ, ಕಡಿಮೆಯಾದದ್ದಕ್ಕೆ ಪೆಟ್ಟಿಗೆ ಹಸಿರು ಗೆರೆಯನ್ನೇ ಎಳೆದುಬಿಡುತ್ತದೆ.

"ಇದು ಮುಂಡರಗಿಯ ಒಬ್ಬ ಮಾಸ್ತರರದು. ಇಲ್ಲಿ ನೋಡ್ರಿ, ತಗ್ಗು. ಇದು ರೋಣದ ಒಬ್ಬ ಹೆಣಮಗಳದು. ಅದ ಜಾಗಾದಾಗ, ಅಷ್ಟ ತಗ್ಗು. ಇದು ನಂದು, ಇದು ನನ್ನ ಹೆಂಡ್ತೀದು."

ಎಲ್ಲದರಲ್ಲೂ ಒಂದೇ ಜಾಗದಲ್ಲಿ, ಬೆರಳಿನಿಂದ ಒತ್ತಿದ ಹಾಗೆ, ಒಂದು ಚೂಪು ತಗ್ಗು.

"ಎಲ್ಲಾರ ರಕ್ತದಾಗೂ ಏನೋ ಕಡಿಮಿ ಆಗೇತಿ ಅಂತೀಯೇನು?" ಎಂದೆ.

ಇರ್ಫಾನ್ ನನ್ನ ಮುಖ ನೋಡಲಿಲ್ಲ. "ಇಡೀ ಊರ ತಗ್ಗಿನಾಗ ಐತಿ ಅನ್ನಿಸಿದ್ರ, ನಾವು ನಿಂತ ಜಾಗಾನ ಎತ್ತರ ಐತಿ ಅಂತ ಅರ್ಥ, ಅಕ್ಕಾರ."

ನನಗೆ ಅರ್ಥವಾಯಿತು. ಅರ್ಥವಾದದ್ದು ತಲೆಗೆ ಮಾತ್ರ. ಎದೆ ಡವಗುಟ್ಟಲಿಲ್ಲ, ಬೆವರಲಿಲ್ಲ. ಯಾರದೋ ಮನೆಯ ಸುದ್ದಿ ಕೇಳಿದ ಹಾಗಿತ್ತು. ಆ ತಗ್ಗಿನ ಆಳವೇ ನನ್ನ ಶಿಖರದ ಎತ್ತರ. ನನ್ನೊಳಗಿನ ಒಬ್ಬ ನೇಕಾರ ಎಂದೋ ತಲೆಕೆಡಿಸಿಕೊಂಡಿದ್ದ, ತಕ್ಕಡಿ ಅದನ್ನೇ ಆರೋಗ್ಯವೆಂದು ನಂಬಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಚಿಕ್ಕಂದಿನಿಂದ ಹೇಳುತ್ತ ಬಂದ ನಾನು ಆ ದೀಪ ನಾನೇ ಆದೇನೆಂದು ಎಣಿಸಿರಲಿಲ್ಲ.

"ಇನ್ನೊಂದೈತ್ರಿ," ಎಂದು ಇರ್ಫಾನ್ ಕೊನೆಯ ಗೆರೆ ತೆರೆದ. "ಇವ್ರಿಗೆ ತಗ್ಗ ಇಲ್ಲ. ಪೂರಾ ಸಪಾಟ."

ಹೆಸರು ಓದಿದೆ. ವಿನೋದನದು. ಎಲ್ಲರಿಗೂ ತಗ್ಗಿರುವ ಜಾಗದಲ್ಲಿ ಅವನಿಗೆ ಮಾತ್ರ ಇಲ್ಲವೆಂದರೆ, ಆ ತಗ್ಗನ್ನು ಏನೋ ತುಂಬಿದೆ. ಅವನ ಶಿಖರ ಹೋಗಿರಲಿಲ್ಲ. ಔಷಧ ನಿಂತ ಮೇಲೆ ಬೆಳೆಯುತ್ತಲೇ ಇತ್ತು, ನನ್ನದರ ಹಿಂದೆ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮೇಘನಾ ಕುಲಗೋಡ ಧಾರವಾಡದವರು, ಕೆಟ್ಟ ಹೆಂಗಸಲ್ಲ. ಪರದೆ ನೋಡಿದರು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಈ ಜೋಮು ಎಷ್ಟು ದಿನದಿಂದ ಅದ?"

"ಬಾಳ ದಿನಾ ಆತ್ರಿ."

"ಒಮ್ಮೊಮ್ಮೆ ಆ ಪ್ರೋಟೀನೇ ನರಾ ಕೆಡಸ್ತದ." ಅವರು ಕನ್ನಡಕ ತೆಗೆದಿಟ್ಟರು. "ಒಡಹುಟ್ಟಿದವರೊಳಗ ಅಪರೂಪಕ್ಕ ಇಬ್ಬರ ಶಿಖರನೂ ಒಂದೇ ಜಾಗಕ್ಕ ಬರ್ತದ. ಯಾಕಂತ ಪೂರ್ತಿ ಗೊತ್ತಿಲ್ಲ. ಇರಲಿ. ಇದನ್ನ ಇನ್ನೊಂದು ಕಲ್ಲಿಂದ ತೂಗಿ ನೋಡದ ಹೊರತು ನಾವು ಏನೂ ಹೇಳಲಿಕ್ಕೆ ಬರೂದಿಲ್ಲ."

"ತೂಗ್ರಿ ಮತ್ತ. ಬಳ್ಳಾರಿ ಪೈಲ್ವಾನಂದು ಹಾಕ್ರಿ."

"ಅದಕ್ಕ ಬೆಂಗಳೂರಿನ ಸಮಿತಿ ಒಪ್ಪಿಗೆ ಬೇಕು. ಮುಂದಿನ ತಿಂಗಳು ಕೂಡ್ತದ." ಅವರ ದನಿ ಸಣ್ಣದಾಯಿತು. "ಶೈಲಕ್ಕ, ನಿಮಗ ತಿಳೀತದ. ಒಮ್ಮೆಗೇ ಐದು ಜಿಲ್ಲಾದ ಮಂದಿಗೆ ನಿಮ್ಮ ತೂಕ ಎಲ್ಲಾ ಸುಳ್ಳು ಅಂದ್ರ ನಾಳೆ ಒಬ್ಬರೂ ಬೆರಳು ಕೊಡೂದಿಲ್ಲ. ಕಲ್ಲು ಒಡಿಯೂದು ಸುಲಭ."

ಹಳೆಯ ಕಾಲದ ಹಾಗೆ ರಕ್ತವನ್ನು ನೇರವಾಗಿ ಜೆಲ್ಲಿನ ಮೇಲೆ ಹರಿಸಿ ನೋಡುವ ಸಾಧನ ಈ ಕಡೆ ಎಲ್ಲೂ ಉಳಿದಿರಲಿಲ್ಲ. ಪೆಟ್ಟಿಗೆಗಳೂ ಕಳೆದು ಉಳಿದದ್ದನ್ನಷ್ಟೇ ಇಟ್ಟುಕೊಂಡು ಮೂಲವನ್ನು ಎಸೆಯುತ್ತವೆ. ನಾನು ಮನೆಗೆ ಬಂದೆ. ಬದನೆಕಾಯಿ ಹೆಚ್ಚಿದೆ. ಬೆರಳು ಹೆಚ್ಚಿಕೊಂಡದ್ದು ಹಲಗೆಯ ಮೇಲೆ ರಕ್ತ ಕಂಡಾಗ ಗೊತ್ತಾಯಿತು. ಇಡೀ ಸೀಮೆಯನ್ನು ತೂಗಿದ ರಕ್ತ ಬದನೆಕಾಯಿಗೆ ಹತ್ತಿತ್ತು. ತೊಳೆದು ಪಲ್ಯ ಮಾಡಿದೆ.

ಸಂಜೆ ಕೆಳಗೆ ಹೋಗಿ ವಿನೋದನಿಗೆ ಎಲ್ಲ ಹೇಳಿದೆ. ಅವನು ಗಿಡಕ್ಕೆ ನೀರು ಹಾಕುತ್ತಿದ್ದವನು ನಕ್ಕುಬಿಟ್ಟ.

"ನಿನ್ನ ರಕ್ತ ಕೆಟ್ಟೈತಿ ಅಂದ್ರ ಸೂರ್ಯಗ ಕತ್ತಲಿ ಬಂದೈತಿ ಅಂದಂಗಾತು. ಹೋಗ ಅಕ್ಕಾ."

"ಸೋಮವಾರ ಕಂಬ ಹತ್ತಬ್ಯಾಡ. ನಿನ್ನ ಎಲುಬು ಒಳಗ ಟೊಳ್ಳಾಗಿದ್ರ, ಒಂದು ಜೋಲಿ ಹೊಡದ್ರ ಸಾಕು."

"ನೋಡು, ನಂಗ ತಕ್ಕಡಿ ಹೇಳೇತಿ ನೆಟ್ಟಗದೀನಿ ಅಂತ. ತಕ್ಕಡಿಗೆ ನೀನ ಹೇಳೀದಿ. ಈಗ ನೀನ ಬಂದು ಸುಳ್ಳ ಅಂತೀ. ಯಾರನ್ನ ನಂಬಲಿ?" ಅವನ ನಗು ನಿಂತಿತ್ತು. "ಹಾಳಾದ್ದನ್ನ ಒಮ್ಮೆ ದಾಟಿ ಬಂದೀನಿ. ಬರೇ ಅನುಮಾನಕ್ಕ ಮತ್ತ ಅದರೊಳಗ ಇಳಿಯಂಗಿಲ್ಲ."

ರೇಣುಕಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಊರಿಗೆ ಉಪಕಾರಿ, ಮನೀಗೆ ಮಾರಿ ಅಂತ ಇದಕ್ಕ ಅಂತಾರ," ಎಂದಳು. "ಮುಂದಿನ ವಾರ ಮಗಳ ಕುಬಸ ಇಟ್ಟಕೊಂಡು ಇಂಥಾ ಮಾತು ಆಡ್ತೀರಲ್ರಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ವಿನೋದನನ್ನು ಒಂದೇ ಮಾತು ಕೇಳಿದೆ. ಸೋಮವಾರ ಎಷ್ಟು ಹೊತ್ತಿಗೆ ಹತ್ತುತ್ತೀ? ಬೆಳಿಗ್ಗೆ ಗಾಳಿ ಜೋರು, ಮಧ್ಯಾಹ್ನ ಊಟವಾದ ಮೇಲೆ ಎಂದ. ಗುಡ್ಡದ ಬುಡದ ಡೋಣಿ ಬೂತಿನಲ್ಲಿ ಹಾಲು-ಮಜ್ಜಿಗೆ ತೆಗೆದುಕೊಳ್ಳುತ್ತೀಯಲ್ಲ, ಹತ್ತುವ ಮೊದಲು ಅಲ್ಲಿ ಒಂದು ಹನಿ ಕೊಡು, ಗೆರೆ ನೆಟ್ಟಗೆ ಬಂದರೆ ಹತ್ತು, ನಾನು ಇನ್ನು ಬಾಯಿ ತೆರೆಯುವುದಿಲ್ಲ ಎಂದೆ. ಅಷ್ಟಕ್ಕೆ ಅವನು ಒಪ್ಪಿದ.

ಸೋಮವಾರ ಕೇಂದ್ರದ ಕುರ್ಚಿಯಲ್ಲಿ ಎಂದಿನ ಹಾಗೆ ಕುಳಿತೆ. ಎದುರಿಗೆ ಬೆರಳಿಡುವ ಬಟ್ಟಲು ಹಸಿರಾಗಿ ಹೊಳೆಯುತ್ತಿತ್ತು. ನನ್ನ ಎರಡೂ ಕೈ ಮಡಿಲಲ್ಲಿದ್ದವು.

"ಬೆರಳು ಇಡ್ರಿ, ಶೈಲಕ್ಕ," ಎಂದರು ಡಾಕ್ಟರ್ ಕುಲಗೋಡ.

"ಇಡೂದಿಲ್ರಿ."

ಕೋಣೆಯಲ್ಲಿ ಇರ್ಫಾನ್ ಇದ್ದ, ಅವನು ಪರದೆಯ ಕಡೆ ತಿರುಗಿಕೊಂಡ. ನಿಯಮ ನಮಗೆ ಮೂವರಿಗೂ ಗೊತ್ತಿತ್ತು. ಮಾನಕ ಜ್ವರ ಬಂದು ಮಲಗಿದರೆ, ಊರಲ್ಲಿ ಇರದಿದ್ದರೆ, ಹನ್ನೊಂದು ಗಂಟೆಯ ತನಕ ಕಾದು ಪೆಟ್ಟಿಗೆಗಳು ತಾವಾಗಿಯೇ ಪಕ್ಕದ ವಿಭಾಗದ ಕಲ್ಲನ್ನು ಎತ್ತಿಕೊಳ್ಳುತ್ತವೆ. ನನಗೆ ಈವರೆಗೆ ಒಂದು ಸೋಮವಾರವೂ ಜ್ವರ ಬಂದಿರಲಿಲ್ಲ.

"ಮಂದಿ ಗಾಬರಿ ಆಗ್ತಾರ," ಎಂದರು ಡಾಕ್ಟರ್.

"ಆಗ್ಲಿ ಬಿಡ್ರಿ. ಗಾಬರಿ ಆದವ್ರು ಬದುಕಿರ್ತಾರ."

"ನಿಮ್ಮದೂ ಕಾಣ್ತದ. ಊರ ಮಂದಿ ಮುಂದ."

"ಹೌದ್ರಿ."

ಅವರು ಬಂದು ನನ್ನ ಕೈ ಹಿಡಿದು ಬಟ್ಟಲಿಗೆ ಇಡಬಹುದಿತ್ತು. ನನಗೆ ಶಕ್ತಿ ಕಡಿಮೆ. ಆದರೆ ಅವರು ಹಾಗೆ ಮಾಡಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ಇಬ್ಬರೂ ಬಟ್ಟಲನ್ನು ನೋಡುತ್ತ ಕುಳಿತೆವು. ಹೊರಗೆ ಯಾರೋ ಸೌತೆಕಾಯಿ ಮಾರಿಕೊಂಡು ಹೋದರು. ಹನ್ನೊಂದಕ್ಕೆ ಬಟ್ಟಲಿನ ಬೆಳಕು ಆರಿತು.

ಗೋಡೆಯ ತುಂಬ ಇದ್ದ ಹಸಿರು ಗೆರೆಗಳು ಒಮ್ಮೆ ನಡುಗಿ ಮತ್ತೆ ಕುಳಿತವು. ಬೂತುಗಳಲ್ಲಿ ಬೆರಳಿಟ್ಟವರ ಹೊಸ ಗೆರೆಗಳು ಬರತೊಡಗಿದವು. ಹೆಚ್ಚಿನವು ನೆಟ್ಟಗೇ ಇದ್ದವು, ಅಲ್ಪಸ್ವಲ್ಪ ಅಂಕುಡೊಂಕು, ಬಳ್ಳಾರಿ ಗದಗ ಅಲ್ಲವಲ್ಲ. ನಡುನಡುವೆ ಒಂದೊಂದು ಕೆಂಪಾಯಿತು. ಲಕ್ಷ್ಮೇಶ್ವರದ ಒಬ್ಬ ಮುದುಕ. ಹಾವೇರಿಯ ಒಬ್ಬ ಹೆಂಗಸು. ಡಾಕ್ಟರ್ ಕುಲಗೋಡ ಎದ್ದು, ಬೆಂಗಳೂರಿಗೆ ಮಾಡಬೇಕಾದ ಫೋನ್ ಬಿಟ್ಟು, ಮೊದಲು ಆ ಹಾವೇರಿಯ ಹೆಂಗಸಿಗೆ ಮಾಡಿದರು.

ನಾನು ಮೂಲೆಯಲ್ಲಿದ್ದ ಸಾದಾ ಪೆಟ್ಟಿಗೆಯಲ್ಲಿ ಬೆರಳಿಟ್ಟೆ. ಮೊದಲ ಸಲ ನನ್ನ ನಿಜವಾದ ಗೆರೆ ನೋಡಿದೆ. ನಡುವೆ ಒಂದು ಉದ್ದ, ಚೂಪು, ಅಚ್ಚುಕಟ್ಟಾದ ಶಿಖರ. ನನಗೆ ಅಳು ಬರಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು.

ಊಟದ ಹೊತ್ತು ಮೀರಿದ ಮೇಲೆ ಡೋಣಿ ಬೂತಿನಿಂದ ಫೋನ್ ಬಂತು.

"ಅಕ್ಕಾ, ಕೆಂಪ ಬಂತು," ಎಂದ ವಿನೋದ.

"ಹತ್ತಿದ್ಯೇನು?"

"ಇಲ್ಲ. ಬೂತಿನ ಕಟ್ಟಿ ಮ್ಯಾಲ ಕುಂತೀನಿ." ಹಿಂದೆ ಗಾಳಿಯಂತ್ರಗಳ ಸದ್ದು ಕೇಳುತ್ತಿತ್ತು. "ನಿಂದೂ ಬಂತೇನು?"

"ಬಂತು."

"ಸಣ್ಣವಿದ್ದಾಗ ಅಪ್ಪ ಹೊಡ್ಯಾಕ ಬಂದ್ರ ನಿನ್ನ ಹಿಂದ ಅಡಗತಿದ್ದೆ," ಎಂದ. "ಇದೂ ಹಂಗ ಮಾಡೇತಿ ನೋಡು."

ಈಗ ನಾವಿಬ್ಬರೂ ಒಂದೇ ದವಾಖಾನೆಯಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಚುಚ್ಚಿಸಿಕೊಳ್ಳುತ್ತೇವೆ. ವಿನೋದನ ಬೆನ್ನಿನ ಒಂದು ಮೂಳೆ ಒಳಗೆ ಜೇನುಗೂಡಿನ ಹಾಗೆ ತೂತುತೂತಾಗಿತ್ತು. ಆ ಮಧ್ಯಾಹ್ನ ಹತ್ತಿದ್ದರೆ ಇಳಿಯುತ್ತಿರಲಿಲ್ಲ ಎಂದು ಮೂಳೆಯ ಡಾಕ್ಟರು ಹೇಳಿದರು. ನಮ್ಮ ಶಿಖರಗಳನ್ನು ಪೈಲ್ವಾನನ ಕಲ್ಲಿನಿಂದ ತೂಗುತ್ತಾರೆ. ಪೈಲ್ವಾನನನ್ನು ಬೆಳಗಾವಿಯ ಒಬ್ಬ ಹೆಂಗಸಿನಿಂದ ತೂಗುತ್ತಾರೆ, ಅವಳನ್ನು ಮತ್ತೊಬ್ಬನಿಂದ. ಕಲ್ಲಿಗೂ ಕಲ್ಲು ಬೇಕು ಎಂದು ಈಗ ನಿಯಮವಾಗಿದೆ. ಬೂತುಗಳಲ್ಲಿ ಮೊದಲ ವಾರ ಯಾರೂ ಬೆರಳು ಕೊಡಲಿಲ್ಲ, ಡಾಕ್ಟರ್ ಹೇಳಿದ್ದು ನಿಜವೇ. ಎರಡನೆಯ ವಾರ ಸಾಲು ಎಂದಿಗಿಂತ ಉದ್ದವಿತ್ತು.

ನನಗೆ ಮಾತ್ರ ಯಾರೂ ಕುರ್ಚಿ ಒರೆಸಿ ಕೊಡಲಿಲ್ಲ. ಬೂತಿನವನು ನನ್ನ ಗೆರೆ ಬರುವಾಗ ಪರದೆಗೆ ಅಡ್ಡ ನಿಲ್ಲುತ್ತಿದ್ದ, ಪಾಪ, ಮರ್ಯಾದೆಗೆ. ಎರಡು ಮನೆಯವರು ಕುಬಸಕ್ಕೆ ಕರೆದದ್ದನ್ನು ಮರೆತರು.

ಕೆಂಪು ಬಂದ ವಾರದ ಕೊನೆಗೇ ಚಿನ್ಮಯಿಯ ಕುಬಸವಿತ್ತು. ನಾನು ಕೆಳಗಿಳಿಯುವುದಿಲ್ಲವೆಂದೇ ಇದ್ದೆ. ರೇಣುಕಾ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಊದಿಕೊಂಡಿತ್ತು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ. "ಹಸರ ಸೀರಿ ಉಟಕೊಂಡು ಬರ್ರಿ, ಹೊತ್ತಾತು," ಎಂದಳು.

ಕೆಳಗೆ ಹೆಂಗಸರು ತುಂಬಿದ್ದರು. ಚಿನ್ಮಯಿ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತಿದ್ದಳು. ನಾನು ಹೋದ ಕೂಡಲೇ ಬೀಗರ ಕಡೆಯ ಹಿರಿಯಳೊಬ್ಬಳು ಉಡಿಯ ಮೊರವನ್ನು ಮೆಲ್ಲಗೆ ಒಬ್ಬ ಮುತ್ತೈದೆಯ ಕಡೆ ಸರಿಸಿದಳು. ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಈಗ ಒಂದೇ ಉತ್ತರ ಹೇಳುತ್ತಿದ್ದವು. ನಾನು ಗೋಡೆ ಹಿಡಿದು ನಿಂತೆ. ಏನೂ ಅನ್ನಿಸಲಿಲ್ಲ ಎಂದು ಬರೆದರೆ ಅದೂ ನಿಜವೇ.

ಗಂಡಸರು ಇರಬಾರದ ಆ ಕೋಣೆಗೆ ವಿನೋದ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಬಂದ. ಮೊರ ಎತ್ತಿದ. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅದನ್ನು ತಂದು ನನ್ನ ಕೈಗಿಟ್ಟ.

"ಮೊದಲ ಉಡಿ ನಮ್ಮಕ್ಕ ತುಂಬತಾಳ. ಆಮ್ಯಾಲ ಯಾರ ಬೇಕಾದ್ರೂ ತುಂಬ್ರಿ," ಎಂದು ಹೊರಗೆ ಹೋದ.

ಚಿನ್ಮಯಿಯ ಎದುರು ಕುಳಿತೆ. ಮೊರದಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ಅಕ್ಕಿ ಹಿಡಿದರೆ ಹಿಡಿದದ್ದೇ ಗೊತ್ತಾಗದೆ ಬೆರಳ ಸಂದಿಯಿಂದ ಸುರಿದುಹೋಗುತ್ತಿತ್ತು. ಚಿನ್ಮಯಿ ಸೆರಗು ಅಗಲ ಮಾಡಿ ನನ್ನ ಕೈಯ ಕೆಳಗೇ ಒಡ್ಡಿದಳು, ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಆಮೇಲೆ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಒದೀಯಾಕತ್ತೇತಿ ನೋಡ್ರಿ ಅತ್ತಿ."

"ನಂಗ ತಿಳಿಯೂದಿಲ್ಲವಾ. ಬೆರಳು ಸತ್ತಾವು."

ಅವಳು ಒಂದು ಕ್ಷಣ ಯೋಚಿಸಿದಳು. ನನ್ನ ಬಳೆಗಳನ್ನು ಮೇಲೆ ಸರಿಸಿ, ಅಂಗೈ ತಿರುವಿ, ಮಣಿಕಟ್ಟಿನ ಒಳಭಾಗವನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಯಾರೋ ಒದ್ದರು. ನನಗೆ ತಿಳಿಯಿತು. ಅಷ್ಟು ಜನ ಹೆಂಗಸರ ನಡುವೆ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಜೋರಾಗಿ ಅತ್ತುಬಿಟ್ಟೆ.